ನ್ಯೂಯಾರ್ಕಿಗೆ ಹೋಗಿ ಹಳೇ ಮನೆ ನೋಡಿದ್ಯಾಕೆ?

ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ಬಂದು ಆರು ತಿಂಗಳಾಯಿತು. ಬೆಣ್ಣೆದೋಸೆ ಹೋಟೆಲಿನಲ್ಲಿ ಸಿಕ್ಕವರು, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರು, ಅಂಗಡಿಗೆ ಬರುವ ಗಿರಾಕಿಗಳು ಎಲ್ಲರೂ ಇದೇ ಕೇಳುತ್ತಾರೆ. "ಅಲ್ರೀ ಅಣ್ಣಾರೆ, ಅಷ್ಟು ದೂರ ಹೋಗಿ ಯಾವನೋ ವ್ಯಾಪಾರಿಯ ಹಳೇ ಮನೆ ನೋಡಿ ಬಂದ್ರಂತೆ? ನಮ್ಮ ಚೌಕಿಪೇಟೆಯಲ್ಲಿ ಇರಲಿಲ್ವಾ ಅಂಥ ಮನೆ?" ಲಿಬರ್ಟಿ ಪ್ರತಿಮೆಯನ್ನೂ ನೋಡಿದೆ ಮಾರಾಯ್ರೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ನಿಜ ಹೇಳಬೇಕೆಂದರೆ, ಆ ವ್ಯಾಪಾರಿ ನಮ್ಮವನೇ. ಅಂದರೆ ನಮ್ಮ ದಂಧೆಯವನು. ಹೆಸರು ಸೀಬರಿ ಟ್ರೆಡ್‌ವೆಲ್. ಹಾರ್ಡ್‌ವೇರ್ ವ್ಯಾಪಾರ. ಇಂಗ್ಲೆಂಡಿನಿಂದ ಸರಕು ತರಿಸಿ ನ್ಯೂಯಾರ್ಕಿನಲ್ಲಿ ಮಾರುತ್ತಿದ್ದ. ನಾನು ದಾವಣಗೆರೆಯಲ್ಲಿ ಮೂವತ್ತೈದು ವರ್ಷ ಮೊಳೆ, ಚಿಲಕ, ತಿರುಗಣಿ ಮಾರಿದವನು. ಇನ್ನೂರು ವರ್ಷದ ಹಿಂದೆ ಅದನ್ನೇ ಮಾರಿದವನ ಮನೆ ಇದೆ ಎಂದು ಮಗ ಹೇಳಿದಾಗ ಬಿಡುವುದುಂಟೇ?

ಈಸ್ಟ್ ಫೋರ್ತ್ ಸ್ಟ್ರೀಟಿನಲ್ಲಿ ಇಟ್ಟಿಗೆಯ ಮನೆ. ಕಟ್ಟಿದ್ದು 1832ರಲ್ಲಿ, ಒಬ್ಬ ಟೋಪಿ ತಯಾರಕ. ತಾನು ಇರಲು ಅಲ್ಲ, ಮಾರಲು. ನಮ್ಮೂರಿನ ಸೈಟು ವ್ಯಾಪಾರ ಹೊಸದೇನಲ್ಲ ಅನ್ನಿಸಿತು. 1835ರಲ್ಲಿ ಟ್ರೆಡ್‌ವೆಲ್ 18 ಸಾವಿರ ಡಾಲರ್ ಕೊಟ್ಟು ಕೊಂಡ, ಅದೇ ಹೊತ್ತಿಗೆ ವ್ಯಾಪಾರದಿಂದಲೂ ನಿವೃತ್ತನಾದ. ಆಮೇಲೆ ಸುಮಾರು ನೂರು ವರ್ಷ ಆ ಒಂದೇ ಕುಟುಂಬ ಅಲ್ಲಿತ್ತು. ಈಗ ಅದರ ಹೆಸರು ಮರ್ಚೆಂಟ್ಸ್ ಹೌಸ್ ಮ್ಯೂಸಿಯಂ.

ಮೇಲಿನ ಪಡಸಾಲೆ ಬಗ್ಗೆ ಜಾಸ್ತಿ ಹೇಳಲ್ಲ. ಒಂದರ ಹಿಂದೊಂದು ಎರಡು ದೊಡ್ಡ ಕೋಣೆ, ಮಧ್ಯೆ ಕಂಬ, ಅಮೃತಶಿಲೆ, ಚಾವಣಿಯಲ್ಲಿ ಗಾರೆಯ ಹೂಬಳ್ಳಿ. ಬಂದವರಿಗೆ ತೋರಿಸಲೆಂದೇ ಮಾಡಿದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಅಡುಗೆಮನೆ. ಅಲ್ಲಿ ಗಂಟೆಗಳಿವೆ. ಮೇಲಿನ ಕೋಣೆಯಲ್ಲಿ ಹಿಡಿಕೆ ಎಳೆದರೆ ತಂತಿಯ ಮೂಲಕ ಕೆಳಗೆ ಗಂಟೆ ಬಾರಿಸುತ್ತಿತ್ತು. ಕೋಣೆಗೊಂದು ದನಿ. ಯಾವ ಕೋಣೆಯವರು ಕರೆದರು ಎಂದು ದನಿ ಕೇಳಿಯೇ ತಿಳಿಯಬೇಕು. ಆ ಮನೆಯಲ್ಲಿ ಐರ್ಲೆಂಡಿನಿಂದ ಬಂದ ನಾಲ್ವರು ಹೆಣ್ಣುಮಕ್ಕಳು ಕೆಲಸಕ್ಕಿದ್ದರು. ಮಲಗಲು ಅವರಿಗೆ ಎಲ್ಲಕ್ಕಿಂತ ಮೇಲಿನ ಮಹಡಿ, ಕೆಲಸ ಎಲ್ಲಕ್ಕಿಂತ ಕೆಳಗೆ. ಕಲ್ಲಿದ್ದಲು, ನೀರು ಎಲ್ಲವೂ ಆ ಮೆಟ್ಟಿಲ ಮೇಲೇ ಹತ್ತಬೇಕು. ನಮ್ಮ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಾಕೆಗೆ ಹಿಂಬಾಗಿಲೇ ದಾರಿಯಾಗಿತ್ತು, ಅದು ನೆನಪಾಯಿತು. ಪಡಸಾಲೆಯಲ್ಲಿ ಫೋಟೋ ತೆಗೆದು ಹೊರಡುವವರು ಮನೆಯ ಅರ್ಧ ಮಾತ್ರ ನೋಡಿರುತ್ತಾರೆ.

ಇನ್ನು ಚೌಕಿಪೇಟೆಯ ಪ್ರಶ್ನೆ. ಇತ್ತು ನಮ್ಮದೂ ಒಂದು. ಮುಂದೆ ಅಂಗಡಿ, ಹಿಂದೆ ಮನೆ. ಅಜ್ಜನ ಗಾದಿ, ಗಲ್ಲಾಪೆಟ್ಟಿಗೆ, ಕೆಂಪು ಬಟ್ಟೆಯ ಕಿರ್ದಿ ಪುಸ್ತಕ, ಹಿತ್ತಲಲ್ಲಿ ಬಾವಿ. ಅಪ್ಪ ತೀರಿಕೊಂಡ ಮೇಲೆ ನಾವು ನಾಲ್ಕು ಜನ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡೆವು. ಪಡಸಾಲೆಯನ್ನು ನಾಲ್ಕು ಭಾಗ ಮಾಡಲು ಬರುತ್ತದೆಯೇ? ಮಾರಿದೆವು. ತೇಗದ ಬಾಗಿಲು, ಕಂಬ ಗುಜರಿಗೆ ಹೋದವು. ಈಗ ಅಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸು. ನನ್ನ ಪಾಲಿನ ದುಡ್ಡಲ್ಲೇ ಮಗ ಇಂಜಿನಿಯರಿಂಗ್ ಓದಿದ್ದು, ಹಾಗಾಗಿ ನಾನು ಯಾರನ್ನೂ ಬೈಯುವಂತಿಲ್ಲ.

ಅಲ್ಲಿನ ಮನೆ ಉಳಿದದ್ದು ಹೇಗೆ ಎಂದು ಕೇಳಿ. ಟ್ರೆಡ್‌ವೆಲ್‌ಗೆ ಎಂಟು ಮಕ್ಕಳು. ಕೊನೆಯವಳು ಗರ್ಟ್ರೂಡ್ 1840ರಲ್ಲಿ ಹುಟ್ಟಿದ್ದು ಆ ಮನೆಯಲ್ಲೇ. ಮದುವೆಯಾಗಲಿಲ್ಲ. ಅಪ್ಪ 1865ರಲ್ಲಿ ಹೋದ, ಒಬ್ಬೊಬ್ಬರಾಗಿ ಒಡಹುಟ್ಟಿದವರು ಹೋದರು, ದುಡ್ಡೂ ಕರಗಿತು. ಶ್ರೀಮಂತರೆಲ್ಲ ಆ ಬೀದಿ ಬಿಟ್ಟು ಊರಿನ ಮೇಲ್ಭಾಗಕ್ಕೆ ಹೋದರು. ಈಕೆ ಕದಲಲಿಲ್ಲ, ಮನೆಯನ್ನು ಬದಲಾಯಿಸಲೂ ಹೋಗಲಿಲ್ಲ. 1933ರಲ್ಲಿ ಅಲ್ಲೇ ತೀರಿಕೊಂಡಾಗ ಅಪ್ಪನ ಕಾಲದ ಕುರ್ಚಿ, ಮಂಚ, ಅಕ್ಕಂದಿರ ಉಡುಪು ಎಲ್ಲ ಹಾಗೇ ಇದ್ದವು. ಮನೆ ಮಾತ್ರ ಅಡವಿನಲ್ಲಿತ್ತು. ಜಾರ್ಜ್ ಚಾಪ್‌ಮನ್ ಎಂಬ ದೂರದ ಸಂಬಂಧಿ ಅದನ್ನು ಉಳಿಸಿಕೊಂಡು 1936ರಲ್ಲಿ ಮ್ಯೂಸಿಯಂ ಮಾಡಿದ. ಆಕೆಯ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದರೆ ಹೊಸ ನಮೂನೆ ಕುರ್ಚಿ ತರುತ್ತಿದ್ದಳೋ ಏನೋ. 1965ರಲ್ಲಿ ನಗರ ಹೊಸ ಕಾನೂನು ತಂದಾಗ ಮ್ಯಾನ್‌ಹಟನ್‌ನಲ್ಲಿ ಮೊದಲು ಸಂರಕ್ಷಣೆ ಸಿಕ್ಕಿದ್ದು ಈ ಮನೆಗೇ.

ಹಿಂದೆ ಒಂದು ಕೈತೋಟವಿದೆ. ತೋಟ ಅನ್ನುವುದೂ ದೊಡ್ಡ ಮಾತೇ, ನಮ್ಮ ಲೆಕ್ಕದಲ್ಲಿ ಹಿತ್ತಲು. ಈಗ ಹೂವಿನ ಗಿಡ, ನೆರಳು, ಸುತ್ತ ಎತ್ತರದ ಗೋಡೆಗಳು. ಆಗ ಇದು ಮನೆಯ ಕೆಲಸದ ಜಾಗವೂ ಹೌದು. ನೆಲದಡಿಯಲ್ಲಿ ಮಳೆನೀರಿನ ತೊಟ್ಟಿ ಇತ್ತು, 4,000 ಗ್ಯಾಲನ್, ಅಂದರೆ ಸುಮಾರು 15,000 ಲೀಟರ್. ಅಡುಗೆಮನೆಗೆ ನೀರು ಅಲ್ಲಿಂದಲೇ. ನ್ಯೂಯಾರ್ಕಿಗೆ ಕ್ರೋಟನ್ ನದಿಯ ಕೊಳಾಯಿ ನೀರು ಬಂದದ್ದೇ 1842ರಲ್ಲಿ. ನನಗೆ ತಕ್ಷಣ ನಮ್ಮ ಹಗೇದಿಬ್ಬ ಸರ್ಕಲ್ ನೆನಪಿಗೆ ಬಂತು. ಹಗೇವು ಅಂದರೆ ಜೋಳ ತುಂಬಿಡುವ ನೆಲದ ಗುಂಡಿ ಅಲ್ವಾ. ಅವರು ನೆಲದಡಿ ನೀರಿಟ್ಟರು, ನಾವು ಜೋಳವಿಟ್ಟೆವು. ಸರ್ಕಲ್ಲಿನಲ್ಲಿ ಆಟೋ ಹಿಡಿಯುವ ಎಷ್ಟು ಹುಡುಗರಿಗೆ ಆ ಹೆಸರು ಎಲ್ಲಿಂದ ಬಂತೆಂದು ಗೊತ್ತು?

ಹೋಗುವವರಿಗೆ ಒಂದು ಮಾತು. ಲಿಫ್ಟ್ ಇಲ್ಲ. ಮೇಲಿನ ಮೆಟ್ಟಿಲು ಕಡಿದು. ನನ್ನ ಹೆಂಡತಿ ಮೊಣಕಾಲು ನೋವೆಂದು ಕೊನೇ ಮಹಡಿ ಹತ್ತಲೇ ಇಲ್ಲ, ಹಿತ್ತಲಲ್ಲೇ ಕೂತಿದ್ದಳು. ನಾನು ಇಳಿದು ಬಂದು ಗಂಟೆ, ತೊಟ್ಟಿ, ಗರ್ಟ್ರೂಡ್ ಕಥೆ ಎಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡಳು. ಆಮೇಲೆ ಒಂದು ಸಲ ಸುತ್ತ ನೋಡಿ ಅಂದಳು:

"ಇಷ್ಟು ಜಾಗ ಇದೆ. ಒಂದು ಕರಿಬೇವಿನ ಗಿಡ ಹಾಕಿಲ್ಲ ನೋಡ್ರಿ."