ಬೊಂಡ ಕೊಡ್ಲಕ್ಕಾ ಸಿಸ್ಟರ್?

ಕಾಸರಗೋಡಿನಲ್ಲಿ ವಾರ್ಡ್ ಡ್ಯೂಟಿ ಅಂದರೆ ಈ ಪ್ರಶ್ನೆ ಗ್ಯಾರಂಟಿ. ಮಲಯಾಳದಲ್ಲಿ 'ಇಳನೀರ್ ಕೊಡುಕ್ಕಾಮೋ', ಬದಿಯಡ್ಕ ಕಡೆಯವರಾದರೆ 'ಬೊಂಡ ಕೊಡ್ಲಕ್ಕಾ'. ಬೊಂಡ ಅಂದರೆ ಎಳನೀರು. ರೋಗಿಯನ್ನು ನೋಡಲು ಬರುವವರ ಚೀಲದಲ್ಲಿ ಎರಡು ಬೊಂಡ ಇದ್ದೇ ಇರುತ್ತದೆ.

ಹೊಸದರಲ್ಲಿ ನಾನು "ಕೊಡಿ, ಒಳ್ಳೆಯದೇ ಅಲ್ವಾ" ಅನ್ನುತ್ತಿದ್ದೆ. ಒಂದು ದಿನ ಹಾಗೆ ಹೇಳಿದ್ದು ಡಯಾಲಿಸಿಸ್ ಅಜ್ಜನ ಮಗಳಿಗೆ. ಹಿರಿಯ ಸಿಸ್ಟರ್ ಓಡಿ ಬಂದು ಲೋಟ ತೆಗೆದರು. ಬೊಂಡದಲ್ಲಿ ಪೊಟ್ಯಾಷಿಯಂ ಜಾಸ್ತಿ, ಕಿಡ್ನಿ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತವೇ ತಪ್ಪಬಹುದು. ಪರೀಕ್ಷೆಯಲ್ಲಿ ಇದನ್ನೇ ಬರೆದು ಮಾರ್ಕು ತೆಗೆದಿದ್ದೆ, ಮಂಚದ ಪಕ್ಕ ನಿಂತಾಗ ನೆನಪಾಗಲಿಲ್ಲ.

ಆಮೇಲೆ ಬೊಂಡ ಅಂದ ಕೂಡಲೇ ಮೊದಲು ಫೈಲ್ ನೋಡುತ್ತೇನೆ. ವಾಂತಿಭೇದಿಯವರಾದರೆ ಕುಡಿಯಲಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಹಾಗಾಗಿ ಒಆರ್‌ಎಸ್ ಬಿಡಬಾರದು. ಹಾರ್ಟ್ ಫೇಲ್ಯೂರ್ ಇದ್ದು ಕಾಲು ಬಾತಿದ್ದರೆ, ಡಾಕ್ಟರು ದಿನಕ್ಕೆ ಇಷ್ಟೇ ನೀರು ಅಂದಿದ್ದರೆ, ಬೊಂಡವೂ ಆ ಲೆಕ್ಕದೊಳಗೇ ಬರಬೇಕು. ಅವರಿಗೆ ತಲೆಕಡೆ ಎತ್ತರಿಸಿ ಕೂರಿಸುವುದು, ದಿನಾ ಬೆಳಿಗ್ಗೆ ತೂಕ ನೋಡುವುದು ನನ್ನ ಕೆಲಸ. ಮೂರು ದಿನದಲ್ಲಿ 2 ಕಿಲೋ ಏರಿತು ಅಂದರೆ ಅದು ಊಟದ ತೂಕ ಅಲ್ಲ, ನೀರು.

ಸಕ್ಕರೆ ಕಾಯಿಲೆಯವರು ಬೆವರಿ ನಡುಗುತ್ತಿದ್ದರೆ ಮೊದಲು ಬೆರಳು ಚುಚ್ಚಿ ನೋಡುವುದು. ರಕ್ತದ ಸಕ್ಕರೆ 70ಕ್ಕಿಂತ ಕಡಿಮೆ ಇದ್ದು ಎಚ್ಚರ ಇದ್ದರೆ ಬೊಂಡ ಹುಡುಕುತ್ತಾ ಕೂರುವುದಲ್ಲ, 15 ಗ್ರಾಂ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡುವುದು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಡಾಕ್ಟರನ್ನು ಕರೆದು ಡೆಕ್ಸ್ಟ್ರೋಸ್ (ರಕ್ತನಾಳಕ್ಕೆ ಕೊಡುವ ಗ್ಲೂಕೋಸ್) ರೆಡಿ ಮಾಡಬೇಕು.

ನನ್ನನ್ನು ನಿಜವಾಗಿ ಹೆದರಿಸಿದ್ದು ಒಬ್ಬರು ಸ್ಟ್ರೋಕ್ ರೋಗಿ. ಸ್ಟ್ರೋಕ್ ಆದವರಿಗೆ ನುಂಗಲು ಬರುತ್ತದಾ ಅಂತ ನೋಡುವ ಮೊದಲು ಒಂದು ಚಮಚ ನೀರೂ ಕೊಡಬಾರದು, ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಬಾಯಿಗೆ ಏನೂ ಕೊಡಬೇಡಿ ಅಂತ ಮಂಚಕ್ಕೆ ಬೋರ್ಡ್ ಕಟ್ಟಿದ್ದೆವು. ಬರೆದದ್ದು ಮಲಯಾಳದಲ್ಲಿ. ಅವರ ಹೆಂಡತಿ ಓದಿದ್ದು ಕನ್ನಡ ಶಾಲೆಯಲ್ಲಿ, ಆ ಅಕ್ಷರ ಅವರಿಗೆ ಬರುವುದಿಲ್ಲ. ನಾನು ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಸ್ಟ್ರಾ ಹಾಕಿ ಬೊಂಡ ಕುಡಿಸುತ್ತಿದ್ದರು, ರೋಗಿಗೆ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿತ್ತು. ಕೂಡಲೇ ನೆಟ್ಟಗೆ ಕೂರಿಸಿ ಬಾಯಲ್ಲಿದ್ದದ್ದನ್ನು ಸಕ್ಷನ್ ಮಾಡಿ, ಅಂದರೆ ಕೊಳವೆಯಿಂದ ಹೀರಿ ತೆಗೆದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಆ ಹೆಂಗಸು ಅಳುತ್ತಾ "ನಂಗೆ ಯಾರೂ ಹೇಳ್ಲಿಲ್ಲ ಸಿಸ್ಟರ್" ಅಂದರು. ಹೌದು, ಹೇಳಿರಲಿಲ್ಲ. ಕನ್ನಡ ಬರುವ ನಾನೂ ಹೇಳಿರಲಿಲ್ಲ.

ಈಗ ಬೋರ್ಡ್ ಎರಡೂ ಭಾಷೆಯಲ್ಲಿ ನಾನೇ ಬರೆಯುತ್ತೇನೆ. ಓದಲು ಬಾರದವರಿಗೆ ಅಂತ ಕೆಳಗೆ ಒಂದು ಬೊಂಡದ ಚಿತ್ರ ಬಿಡಿಸಿ ಅಡ್ಡಗೆರೆ ಎಳೆಯುತ್ತೇನೆ. ಮೊನ್ನೆ ಒಬ್ಬರು ಕೇಳಿದರು, "ಹಲಸಿನಕಾಯಿ ಕೂಡ ಕೊಡಬಾರದಾ ಸಿಸ್ಟರ್?"