ಸಂಬಳ ಬಿಟ್ಟುಕೊಟ್ಟರೆ ಕೆಲಸ ಉಳಿಯುತ್ತದಾ?

ಊರಿಗೆ ಬಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಉಡುಪಿಯಲ್ಲಿ ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯ ಭಾವ ಕೇಳುತ್ತಾರೆ. ಬಜ್ಪೆ ವಿಮಾನ ನಿಲ್ದಾಣದಿಂದ ಮನೆಗೆ ಬಿಡುವ ಟ್ಯಾಕ್ಸಿಯವರೂ ಕೇಳುತ್ತಾರೆ. "ಕಂಪನಿ ನಷ್ಟದಲ್ಲಿ ಉಂಟಂತೆ. ಪೈಲಟ್‌ಗಳಿಗೆ ಲಕ್ಷಗಟ್ಟಲೆ ಸಂಬಳ. ಸ್ವಲ್ಪ ಬಿಟ್ಟುಕೊಟ್ಟರೆ ಕೆಲಸವಾದರೂ ಉಳಿಯುತ್ತದಲ್ಲ ಮಾರಾಯ? ಸುಮ್ನೆ ಸಹಿ ಹಾಕಬಾರದಾ?"

ನಾನು ಎಟಿಆರ್ ಹಾರಿಸುವವನು. ಎಪ್ಪತ್ತು ಚಿಲ್ಲರೆ ಸೀಟಿನ, ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ, ಸಣ್ಣ ಊರುಗಳಿಗೆ ಹೋಗುವ ವಿಮಾನ ಅದು. ನಮ್ಮಂಥವರಿಗೆ ಈ ಪ್ರಶ್ನೆ ದೊಡ್ಡ ಜೆಟ್ ಹಾರಿಸುವವರಿಗಿಂತ ಜಾಸ್ತಿ ಸಲ ಎದುರಾಗುತ್ತದೆ. ಕೇಳುವವರು ಕಾಳಜಿಯಿಂದಲೇ ಕೇಳುತ್ತಾರೆ. ಅದಕ್ಕೇ ಪೂರ್ತಿಯಾಗಿ ಬರೆದುಬಿಡೋಣ ಅಂತ ಕೂತೆ.

ನನ್ನ ಉತ್ತರ ಇಷ್ಟು. ಸಂಬಳ ಬಿಟ್ಟುಕೊಡಬಹುದು. ಆದರೆ ಅದಕ್ಕೆ ಬದಲಾಗಿ ಏನು ಸಿಗುತ್ತದೆ ಎನ್ನುವುದು ಕಾಗದದಲ್ಲಿ ಇರಬೇಕು. ಅದನ್ನು ಕೊಡುವ ಶಕ್ತಿಯೂ ಕಂಪನಿಗೆ ಇರಬೇಕು. "ಕೆಲಸ ಉಳಿಸುತ್ತೇವೆ" ಎನ್ನುವ ಮಾತು ಸುಲಭ. ಸಣ್ಣ ವಿಮಾನ ಕಂಪನಿಗಳಲ್ಲಿ ಕೆಲಸ ಉಳಿಸುವುದು ಹೆಚ್ಚಿನ ಸಲ ಆ ಮಾತು ಕೊಡುವವರ ಕೈಯಲ್ಲೇ ಇರುವುದಿಲ್ಲ.

ಇದನ್ನು ನಮ್ಮ ಜಿಲ್ಲೆಯವರಿಗೆ ಒಪ್ಪಿಸುವುದು ಸ್ವಲ್ಪ ಕಷ್ಟ. ಯಾಕೆಂದರೆ ನಾವು ಬ್ಯಾಂಕ್ ನೋಡಿ ಬೆಳೆದವರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ, ಐದೂ ಇಲ್ಲೇ ಹುಟ್ಟಿದವು. ಮನೆಗೊಬ್ಬರು ಬ್ಯಾಂಕಿನಲ್ಲಿ. ವೇತನ ಒಪ್ಪಂದ ತಡವಾದರೂ ಬಾಕಿ ಹಣ ಒಟ್ಟಿಗೆ ಬರುತ್ತದೆ ಎನ್ನುವ ನಂಬಿಕೆ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ ಹೋಯಿತು. ಮರುವರ್ಷ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾ ಆಯಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕ್ ಆಯಿತು. ಬೋರ್ಡ್ ಬದಲಾದದ್ದಕ್ಕೆ ಎಲ್ಲರಿಗೂ ಬೇಜಾರಾಯಿತು, ಆದರೆ ನೌಕರರು ನೌಕರರಾಗಿಯೇ ಉಳಿದರು. ಹಿಂದೆ ಸರ್ಕಾರ ಇತ್ತು. ಖಾಸಗಿ ವಿಮಾನ ಕಂಪನಿಯ ಹಿಂದೆ ಯಾರಿದ್ದಾರೆ?

ಅಲ್ಲೇ ಶುರು ಮಾಡಬೇಕು. ನಾವು ಹಾರಿಸುವ ವಿಮಾನ ಸಾಮಾನ್ಯವಾಗಿ ಕಂಪನಿಯದ್ದಲ್ಲ, ಲೀಸ್‌ಗೆ ತಂದದ್ದು. ಬಾಡಿಗೆ ನಿಂತರೆ ಮಾಲೀಕರು ಬಂದು ಒಯ್ಯುತ್ತಾರೆ. ಅದು ಇನ್ನೂ ಬೇಗ ಆಗಲಿ ಅಂತಲೇ 2025ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿದೆ. ಇನ್ನು ದಾರಿ. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಸರ್ಕಾರದ ಉಡಾನ್ ಯೋಜನೆಯ ವಿಮಾನಗಳು ಹಾರಲು ಶುರುವಾದ ಮೇಲೆ ಸಣ್ಣ ಕಂಪನಿಗಳು ಸಬ್ಸಿಡಿಯ ಮಾರ್ಗಗಳನ್ನು ನಂಬಿ ನಿಂತವು. ಆ ಸಬ್ಸಿಡಿ ಒಂದು ಮಾರ್ಗಕ್ಕೆ ಮೂರು ವರ್ಷ. ಆಮೇಲೆ ಟಿಕೆಟಿನ ದುಡ್ಡಿನಲ್ಲೇ ನಡೆಯಬೇಕು, ಇಲ್ಲದಿದ್ದರೆ ಮಾರ್ಗ ನಿಲ್ಲುತ್ತದೆ. ಈಗ ಹೇಳಿ, ವಿಮಾನ ಇನ್ನೊಬ್ಬರದ್ದು, ಮಾರ್ಗದ ಆಯುಸ್ಸು ಮೂರು ವರ್ಷ. ಅಂಥ ಕಂಪನಿ ನನಗೆ ಐದು ವರ್ಷದ ಭದ್ರತೆಯ ಮಾತು ಕೊಟ್ಟರೆ ಅದನ್ನು ಎಲ್ಲಿಂದ ತಂದು ಕೊಡುತ್ತದೆ?

ಗೋ ಫಸ್ಟ್ ನೆನಪಿರಬಹುದು. 2023ರ ಮೇ ತಿಂಗಳ ಆರಂಭದಲ್ಲಿ ದಿವಾಳಿ ಅರ್ಜಿ ಹಾಕಿ ಹಾರಾಟ ನಿಲ್ಲಿಸಿತು. ಎಂಜಿನ್ ತೊಂದರೆಯಿಂದ ಎಷ್ಟೋ ವಿಮಾನಗಳು ಮೊದಲೇ ನೆಲ ಹಿಡಿದಿದ್ದವು. ಪೈಲಟ್‌ಗಳು ಬಿಟ್ಟು ಹೋಗಬಾರದು ಅಂತ ಆ ಕಂಪನಿ ಜೂನ್‌ನಿಂದ ಕ್ಯಾಪ್ಟನ್‌ಗೆ ತಿಂಗಳಿಗೆ ಒಂದು ಲಕ್ಷ, ಫಸ್ಟ್ ಆಫೀಸರ್‌ಗೆ, ಅಂದರೆ ಕೋ-ಪೈಲಟ್‌ಗೆ, ಐವತ್ತು ಸಾವಿರ ಹೆಚ್ಚು ಕೊಡುವ ಮಾತಾಡಿತು. ಹೌದು, ಹೆಚ್ಚು. ವಿಮಾನ ಮತ್ತೆ ಏಳಲೇ ಇಲ್ಲ. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಆ ಕಂಪನಿಯ 54 ವಿಮಾನಗಳ ನೋಂದಣಿ ರದ್ದು ಮಾಡಲು ಹೇಳಿತು. ವಿಮಾನಗಳು ಮಾಲೀಕರ ಪಾಲಾದವು. ಸಂಬಳ ಇಳಿಸಿದರೂ ಏರಿಸಿದರೂ ಕೊನೆಗೆ ತೀರ್ಮಾನ ಮಾಡಿದ್ದು ಎಂಜಿನ್ನು ಮತ್ತು ಲೀಸು.

ಇಲ್ಲಿ ಭಾವ ಒಂದು ಪಾಯಿಂಟ್ ಹಾಕುತ್ತಾರೆ. "ಜೆಟ್ ಏರ್‌ವೇಸ್‌ನವರು ಸಂಬಳ ಇಳಿಸಲು ಬಿಡಲಿಲ್ಲ, ಮುಳುಗಿತಲ್ಲ?" ಒಳ್ಳೆಯ ಪ್ರಶ್ನೆ. 2018ರ ಆಗಸ್ಟ್‌ನಲ್ಲಿ ಜೆಟ್ ಶೇಕಡಾ 25ರ ತನಕ ಕಡಿತ ಕೇಳಿತ್ತು, ಪೈಲಟ್‌ಗಳು ಒಪ್ಪಲಿಲ್ಲ. 2019ರ ಏಪ್ರಿಲ್ 17ಕ್ಕೆ ಕೊನೆಯ ವಿಮಾನ ಹಾರಿತು. ಆದರೆ ಬ್ಯಾಂಕುಗಳ ಸಾಲವೇ 8 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಇತ್ತು. ಅದರ ಮೇಲೆ ಇಂಧನ, ಲೀಸು. ಪೈಲಟ್‌ಗಳ ಸಂಬಳದ ಕಾಲು ಭಾಗ ಆ ಹೊಂಡ ಮುಚ್ಚುತ್ತಿರಲಿಲ್ಲ. ಇನ್ನೊಂದು ವಿಷಯ ಜನ ಮರೆಯುತ್ತಾರೆ. ಕೊನೆಯ ತಿಂಗಳುಗಳಲ್ಲಿ ಪೈಲಟ್‌ಗಳು ಸಂಬಳವೇ ಬಾರದೆ ಹಾರಿಸಿದ್ದರು. ಇದಕ್ಕಿಂತ ದೊಡ್ಡ ಬಿಟ್ಟುಕೊಡುವಿಕೆ ಯಾವುದುಂಟು? ಅದಕ್ಕೂ ಮೊದಲು, 2012ರಲ್ಲಿ ಕಿಂಗ್‌ಫಿಷರ್‌ನಲ್ಲಿ ಆದದ್ದೂ ಹಾಗೇ.

ಅಮೆರಿಕದ ಪ್ರಾದೇಶಿಕ ವಿಮಾನ ಕಂಪನಿಗಳ ಕಥೆ ನಮ್ಮ ಹುಡುಗರು ಓದಲೇಬೇಕು, ಯಾಕೆಂದರೆ ಈ ಪ್ರಶ್ನೆಯನ್ನು ಅಲ್ಲಿಯವರು ಪೂರ್ತಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿ ದೊಡ್ಡ ಕಂಪನಿಯ ಹೆಸರು, ಬಣ್ಣ, ಟಿಕೆಟ್. ಹಾರಿಸುವುದು ಮಾತ್ರ ಬೇರೆ ಸಣ್ಣ ಕಂಪನಿ, ಗುತ್ತಿಗೆಯ ಮೇಲೆ. ಒಂದು ಸಣ್ಣ ಕಂಪನಿಯ ಪೈಲಟ್‌ಗಳಿಗೆ "ಪಕ್ಕದವರು ಕಡಿಮೆಗೆ ಒಪ್ಪಿದ್ದಾರೆ, ನೀವೂ ಒಪ್ಪಿದರೆ ಹೊಸ ವಿಮಾನ ನಿಮಗೆ" ಎನ್ನುವುದು. ಅದೇ ಮಾತನ್ನು ಪಕ್ಕದವರಿಗೂ ಹೇಳುವುದು.

ಅಮೆರಿಕನ್ ಏರ್‌ಲೈನ್ಸ್‌ನ ಬಳಗದಲ್ಲಿ ಪಿಎಸ್‌ಎ ಎಂಬ ಕಂಪನಿಯ ಪೈಲಟ್‌ಗಳು 2013ರಲ್ಲಿ ಒಪ್ಪಿಕೊಂಡರು. ದೊಡ್ಡ ಬೊಂಬಾರ್ಡಿಯರ್ ಜೆಟ್‌ಗಳು ಅವರಿಗೆ ಬಂದವು. ಅದೇ ಬಳಗದ ಎನ್ವಾಯ್‌ನ ಪೈಲಟ್‌ಗಳು 2014ರ ಮಾರ್ಚ್‌ನಲ್ಲಿ ಮತ ಹಾಕಿ ಬೇಡ ಎಂದರು. ಅಲ್ಲಿ ಭಯ ಹುಟ್ಟಿಸಲಾಯಿತು, ಕಂಪನಿ ಕುಗ್ಗುತ್ತದೆ ಎಂದು. ನಿಜವಾಗಿಯೂ ಎಂಬ್ರೇಯರ್ ವಿಮಾನಗಳ ಒಂದು ಪಾಲು ಕಂಪಾಸ್ ಎಂಬ ಹೊರಗಿನ ಕಂಪನಿಗೆ ಹೋಯಿತು. ಆಗ ಯಾರಾದರೂ ಹೇಳುತ್ತಿದ್ದರು, ಬೇಡ ಎಂದವರು ಸೋತರು ಅಂತ.

ಆಮೇಲೆ ಏನಾಯಿತು? 2020ರ ಏಪ್ರಿಲ್‌ನಲ್ಲಿ ಕಂಪಾಸ್ ಮುಚ್ಚಿತು. ಒಪ್ಪಿದ ಪಿಎಸ್‌ಎ ಇನ್ನೂ ಹಾರುತ್ತಿದೆ. ಮೊದಲು ಬೇಡ ಎಂದ ಎನ್ವಾಯ್ ಕೂಡ ಹಾರುತ್ತಿದೆ, ಅದಕ್ಕೂ ಮುಂದೆ ಹೊಸ ಎಂಬ್ರೇಯರ್‌ಗಳು ಬಂದವು. ಈ ಎರಡೂ ಅಮೆರಿಕನ್‌ನ ಸ್ವಂತ ಕಂಪನಿಗಳು, ಕಂಪಾಸ್ ಬರೀ ಗುತ್ತಿಗೆಯದ್ದು. ಅಂದರೆ ಯಾರು ಎಷ್ಟು ಬಿಟ್ಟುಕೊಟ್ಟರು ಎನ್ನುವುದಕ್ಕಿಂತ ಕಂಪನಿ ಯಾರದ್ದು ಎನ್ನುವುದು ಜಾಸ್ತಿ ಲೆಕ್ಕಕ್ಕೆ ಬಂತು. ಅದೂ ಗ್ಯಾರಂಟಿ ಅಲ್ಲ. ಡೆಲ್ಟಾ ಎಂಬ ಇನ್ನೊಂದು ದೊಡ್ಡ ಕಂಪನಿಯದ್ದೇ ಆಗಿದ್ದ ಕಾಮ್‌ಏರ್ 2012ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. 2022ರಲ್ಲಿ ಪೈಲಟ್‌ಗಳ ಕೊರತೆ ಬಂದಾಗ ಅದೇ ಎನ್ವಾಯ್, ಪಿಎಸ್‌ಎಗಳಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಘೋಷಿಸಿದರು. ಬಿಟ್ಟುಕೊಡಿ ಎಂದವರೇ ಕರೆದು ಕೊಟ್ಟರು. ಮಾರುಕಟ್ಟೆಯೇ ಸಂಬಳ ಏರಿಸಿತು, ಮಾರುಕಟ್ಟೆಯೇ ಇಳಿಸಿತ್ತು. ಆದರೆ ಇಳಿದ ವರ್ಷಗಳ ದುಡ್ಡು ಯಾರಿಗೂ ವಾಪಸ್ ಬರಲಿಲ್ಲ.

ಈಗ ನಮ್ಮ ಕಡೆ ಕಡಿತ ಹೇಗೆ ಬರುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಿ. "ಸಂಬಳ ಇಷ್ಟು ಶೇಕಡಾ ಕಡಿಮೆ" ಅಂತ ನೇರವಾಗಿ ಬರುವುದು ಕಡಿಮೆ. ಗಂಟೆಯ ರೂಪದಲ್ಲಿ ಬರುತ್ತದೆ. ಪೈಲಟ್‌ಗೆ ತಿಂಗಳಿಗೆ ಇಷ್ಟು ಗಂಟೆಯ ದುಡ್ಡು ಖಾಯಂ, ಅದಕ್ಕಿಂತ ಹೆಚ್ಚು ಹಾರಿದರೆ ಹೆಚ್ಚಿನದ್ದು. ಹಿಂದೆ ಎಷ್ಟೋ ಕಡೆ 70 ಗಂಟೆ ಖಾಯಂ ಇತ್ತು. ವಿಸ್ತಾರ ಕಂಪನಿ ಏರ್ ಇಂಡಿಯಾ ಜೊತೆ ಸೇರುವಾಗ ಹೊಸ ಒಪ್ಪಂದದಲ್ಲಿ ಅದು 40 ಆಯಿತು. 2024ರ ಏಪ್ರಿಲ್ ಆರಂಭದಲ್ಲಿ ವಿಸ್ತಾರದ ವಿಮಾನಗಳು ಒಂದರ ಹಿಂದೊಂದು ರದ್ದಾದವಲ್ಲ, ಆ ಹೊತ್ತಿನ ಅಸಮಾಧಾನ ಇದೇ.

ಲೆಕ್ಕ ಮಾಡಲು ಸುಲಭವಾಗಲಿ ಅಂತ ಗಂಟೆಗೆ 5 ಸಾವಿರ ರೂಪಾಯಿ ಅಂದುಕೊಳ್ಳಿ. 70 ಗಂಟೆ ಖಾಯಂ ಆದರೆ ಮೂರೂವರೆ ಲಕ್ಷ. 40 ಗಂಟೆ ಆದರೆ ಎರಡು ಲಕ್ಷ. "ನೀವು 70 ಹಾರಿದರೆ ಅಷ್ಟೇ ಬರುತ್ತದೆ, ನಷ್ಟ ಏನು?" ಎಂದು ಕಂಪನಿ ಕೇಳುತ್ತದೆ. ಜುಲೈ ತಿಂಗಳ ಬಜ್ಪೆಯನ್ನು ನೆನೆಸಿಕೊಳ್ಳಿ. ಗುಡ್ಡದ ಮೇಲಿನ ರನ್‌ವೇ. ಮೋಡ ಕೆಳಗೆ ಇಳಿದು ಕೂತಿದೆ, ರನ್‌ವೇ ಕಾಣುವುದಿಲ್ಲ. ಮೇಲೆ ಸುತ್ತು ಹೊಡೆದು ಕಾದು, ಕೊನೆಗೆ ಬೆಂಗಳೂರಿಗೇ ವಾಪಸ್. ಅದರ ಹಿಂದಿನ ವಿಮಾನ ಹೊರಡುವುದೇ ಇಲ್ಲ. ಹೊರಡದ ವಿಮಾನದ ಗಂಟೆ ನನ್ನ ಖಾತೆಗೆ ಬರುವುದಿಲ್ಲ. ಆ ತಿಂಗಳು 50 ಗಂಟೆ ಹಾರಿದೆ ಅಂದುಕೊಳ್ಳಿ, ಎರಡೂವರೆ ಲಕ್ಷ. ಒಂದು ಲಕ್ಷ ಹೋಯಿತು. ಮಳೆಯ ನಷ್ಟ, ಎಂಜಿನ್ ಕೆಟ್ಟ ನಷ್ಟ, ಟಿಕೆಟ್ ಮಾರಾಟವಾಗದ ನಷ್ಟ, ಎಲ್ಲ ಕಂಪನಿಯ ಹೆಗಲಿಂದ ಪೈಲಟ್‌ನ ಹೆಗಲಿಗೆ ಬಂತು. ಸಂಬಳ ಇಳಿಸಿದ್ದೇವೆ ಅಂತ ಎಲ್ಲೂ ಬರೆದಿರುವುದಿಲ್ಲ.

ಇದಕ್ಕಿಂತಲೂ ಕೆಟ್ಟ ಪರಿಣಾಮ ಇನ್ನೊಂದು. ಗಂಟೆಗೆ ದುಡ್ಡು ಅಂತಾದಾಗ ಮೈಯಲ್ಲಿ ಶಕ್ತಿ ಇಲ್ಲದ ದಿನವೂ ಹೋಗುವ ಮನಸ್ಸಾಗುತ್ತದೆ. ಇಎಂಐ ಕಟ್ಟಬೇಕಲ್ಲ. ಸಂಬಳದ ವಿಷಯದಲ್ಲಿ ನಾನು ಮೆದು, ವಿಶ್ರಾಂತಿಯ ವಿಷಯದಲ್ಲಿ ಮಾತ್ರ ಒಂದಿಂಚೂ ಸರಿಯುವುದಿಲ್ಲ. ಮಂಗಳೂರಿನವನಾಗಿ ಸರಿಯಲು ಆಗುವುದೂ ಇಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 158 ಜನ ಹೋದರು, ಬದುಕಿದ್ದು ಎಂಟು ಜನ. ಕ್ಯಾಪ್ಟನ್ ದಾರಿಯಲ್ಲಿ ತುಂಬಾ ಹೊತ್ತು ನಿದ್ದೆಯಲ್ಲಿದ್ದದ್ದು ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ದಾಖಲಾಗಿತ್ತು. ನಿದ್ದೆಯ ಮಂಪರು ಅವರ ನಿರ್ಧಾರದ ಮೇಲೆ ಪರಿಣಾಮ ಮಾಡಿರಬಹುದು ಎಂದು ತನಿಖಾ ವರದಿ ಹೇಳಿತು. ಆ ಅಪಘಾತಕ್ಕೂ ಸಂಬಳದ ಒಪ್ಪಂದಕ್ಕೂ ಸಂಬಂಧ ಕಟ್ಟುತ್ತಿಲ್ಲ. ರಾತ್ರಿಯ ಡ್ಯೂಟಿ ಮನುಷ್ಯನನ್ನು ಏನು ಮಾಡುತ್ತದೆ ಎನ್ನುವುದು ನಮ್ಮೂರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಅಷ್ಟೆ.

ಪೈಲಟ್‌ಗಳು ವರ್ಷಗಟ್ಟಲೆ ಕೇಳಿದ ಮೇಲೆ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಹೊತ್ತು ವಿಮಾನ ಇಳಿಸುವ ಮಿತಿ ಆರು ಸಲದಿಂದ ಎರಡು ಸಲಕ್ಕೆ ಬಂತು. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದಾಗ ಆ ನಿಯಮದಿಂದಲೇ ಆ ಕಂಪನಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟರು. ಜನರ ಪರದಾಟ ನಿಜ. ಆದರೆ ಕಷ್ಟ ಬಂದ ಕೂಡಲೇ ಮೊದಲು ಕೈ ಹಾಕುವುದು ಪೈಲಟ್‌ನ ನಿದ್ದೆಗೆ ಎನ್ನುವುದೂ ಆಗ ಗೊತ್ತಾಯಿತು.

"ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಸಹಿ ಹಾಕುತ್ತೀರಿ?" ಎಂದು ಕೇಳಬಹುದು. ಹೆದರಿಕೆಯಿಂದ. ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಅದಕ್ಕೆ ಮನೆಯವರು ತೋಟದ ಮೇಲೆ ಸಾಲ ಎತ್ತಿರುತ್ತಾರೆ. ಆಮೇಲೆ ಟೈಪ್ ರೇಟಿಂಗ್‌ನ, ಅಂದರೆ ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ತರಬೇತಿ ಮತ್ತು ಅನುಮತಿಯ ಖರ್ಚು, ಅಥವಾ ಇಷ್ಟು ವರ್ಷ ಕಂಪನಿ ಬಿಡುವುದಿಲ್ಲ ಎನ್ನುವ ಬಾಂಡ್. ಎಟಿಆರ್ ರೇಟಿಂಗ್ ಹಿಡಿದು ಏರ್‌ಬಸ್ ಹಾರಿಸಲು ಆಗುವುದಿಲ್ಲ, ಎಟಿಆರ್ ಇಟ್ಟುಕೊಂಡ ಕಂಪನಿಗಳು ದೇಶದಲ್ಲಿ ಬೆರಳೆಣಿಕೆಯವು. ಮನೆಯಲ್ಲಿ ಕೂತರೆ ಕೌಶಲವೂ ಕೂರುತ್ತದೆ. 90 ದಿನದಲ್ಲಿ ಮೂರು ಸಲ ಏರಿಸಿ ಇಳಿಸಿರದಿದ್ದರೆ ಪ್ರಯಾಣಿಕರನ್ನು ಕೂರಿಸಿ ಹಾರುವಂತಿಲ್ಲ. ಬಿಟ್ಟು ಹೋಗೋಣ ಎಂದರೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಂತೆ ಕ್ಯಾಪ್ಟನ್‌ಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳ ನೋಟಿಸ್. ಈ ಸ್ಥಿತಿಯಲ್ಲಿ ಇಪ್ಪತ್ತೈದು ವರ್ಷದ ಹುಡುಗಿಗೋ ಹುಡುಗನಿಗೋ "ಎರಡು ದಿನದೊಳಗೆ ಒಪ್ಪಿಗೆ ಕಳಿಸಿ" ಎಂಬ ಮೇಲ್ ಬಂದರೆ ಏನು ಮಾಡುತ್ತಾರೆ? ಸಹಿ ಹಾಕಿದವರನ್ನು ದಯವಿಟ್ಟು ಹೇಡಿ ಅನ್ನಬೇಡಿ.

ಆ ಹುಡುಗರು ಫೋನ್ ಮಾಡಿದಾಗ ನಾನು ಹೇಳುವುದು ಹೆಚ್ಚೇನಿಲ್ಲ. ಮೊದಲು ತಾರೀಕು ಹುಡುಕಿ. ಕಡಿತ ಯಾವ ದಿನ ಮುಗಿಯುತ್ತದೆ ಅಂತ ಬರೆದಿದೆಯಾ? "ಪರಿಸ್ಥಿತಿ ಸುಧಾರಿಸಿದ ಮೇಲೆ ಪರಿಶೀಲಿಸಲಾಗುವುದು" ಎಂದಿದ್ದರೆ ಅದು ತಾರೀಕಲ್ಲ. ಪರಿಸ್ಥಿತಿ ಸುಧಾರಿಸಿತು ಅಂತ ಹೇಳುವವರು ಅವರೇ. ಬಾಂಡ್ ಮತ್ತು ನೋಟಿಸ್ ಅಷ್ಟೇ ಉಳಿದಿದೆಯಾ ನೋಡಿ. ನನ್ನ ಸಂಬಳ ಕಡಿಮೆಯಾದರೆ ನನ್ನನ್ನು ಕಟ್ಟಿಹಾಕಿದ ಹಗ್ಗವೂ ಗಿಡ್ಡ ಆಗಬೇಕಲ್ವಾ? ಲೀಸ್ ಎಷ್ಟು ವರ್ಷಕ್ಕೆ ಉಂಟು ಅಂತ ಕೇಳಿ, ಉತ್ತರ ಕೊಡದಿದ್ದರೆ ಅದೂ ಒಂದು ಉತ್ತರ. ಮೇಲಿನವರ ಸಂಬಳವೂ ಇಳಿಯಿತಾ ಕೇಳಿ. ಒಬ್ಬೊಬ್ಬರೇ ಎಚ್‌ಆರ್ ಕೋಣೆಗೆ ಹೋಗಬೇಡಿ, ಒಟ್ಟಿಗೆ ಹೋಗಿ.

ಕೊನೆಗೆ ಎಲ್ಲರೂ ಕೇಳುವುದು, "ನೀನು ಏನು ಮಾಡಿದ್ದಿ?" ಕೊರೋನಾ ಕಾಲದಲ್ಲಿ ನನ್ನ ಮುಂದೆಯೂ ಕಾಗದ ಬಂದಿತ್ತು. ಸಂಬಳ ಕಡಿತಕ್ಕೆ ಸಹಿ ಹಾಕಿದೆ. ವಿಮಾನಗಳೇ ಹಾರದ ಕಾಲ, ಕಂಪನಿಯ ಕಷ್ಟ ಕಣ್ಣಿಗೆ ಕಾಣುತ್ತಿತ್ತು. ನಾವೆಲ್ಲ ಒಟ್ಟಾಗಿ ಕೇಳಿದ್ದರಿಂದ ಕಾಗದದಲ್ಲಿ ಮುಗಿಯುವ ತಿಂಗಳು ಬರೆದಿದ್ದರು, ಆ ತಿಂಗಳಿಗೆ ಸಂಬಳ ಮೊದಲಿನಂತಾಯಿತು. ಅದೇ ಕಾಗದದ ಜೊತೆ ರಜೆಯ ದಿನ ಡ್ಯೂಟಿಗೆ ಕರೆಯಬಹುದು ಎನ್ನುವ ಇನ್ನೊಂದು ಹಾಳೆ ಇತ್ತು. ಅದಕ್ಕೆ ಸಹಿ ಹಾಕಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.