ನಾಶದ ಪದಗಳು: 'ಅನಯಲೇಶನ್' ಕಾರ್ಡ್ ಎಲ್ಲಿಗೆ ಬಂತು

ನಾಶ ಅನ್ನೋದಕ್ಕೆ ಇಂಗ್ಲಿಷಿನಲ್ಲಿರುವ ಪದಗಳಿಗೆ, ಅರ್ಥ ಮತ್ತು ಕನ್ನಡದ ಪದ ಹಾಕಿ, ಒಂದೊಂದು ಕಾರ್ಡ್ ಬರೆಯುವ ಕೆಲಸ ಮುಂದುವರಿದಿದೆ. ಡೆಮಾಲಿಶ್, ರೂಯಿನ್ ಎರಡೂ ಬೇಗ ಮುಗಿದವು. ಕಟ್ಟಿದ್ದನ್ನು ಕೆಡವಿದರೆ ಡೆಮಾಲಿಶ್. ವಸ್ತು ಕಣ್ಣೆದುರೇ ಇದ್ದೂ ಕೆಲಸಕ್ಕೆ ಬಾರದಂತಾದರೆ ರೂಯಿನ್, ಮಳೆಗೆ ನೆಂದ ಪುಸ್ತಕದ ಹಾಗೆ. ಅನಯಲೇಶನ್ (annihilation) ಮಾತ್ರ ಒಂದು ಕಾರ್ಡಿಗೆ ಹಿಡಿಸುತ್ತಿಲ್ಲ.

ಬರೆಯುವಾಗ ಇದರ ನಡುವೆ 'ಎಚ್' ಇದೆ, ಬಾಯಲ್ಲಿ ಬರೋದಿಲ್ಲ. ಅದು ಲ್ಯಾಟಿನ್ನಿನ 'ನಿಹಿಲ್'ನಿಂದ ಬಂದದ್ದು. ನಿಹಿಲ್ ಅಂದರೆ ಏನೂ ಇಲ್ಲ. ನೆರೆಗೆ ಒಂದು ಗೋಡೆ ಬಿದ್ದರೆ ಈ ಪದ ಜಾಸ್ತಿಯಾಯ್ತು. ಇಡೀ ಸೈನ್ಯ, ಊರಿಗೆ ಊರೇ ಹೋಯಿತು ಅನ್ನುವಾಗ ಸರಿ. 'ವಿನಾಶ' ಇದಕ್ಕೆ ಸ್ವಲ್ಪ ಸಪ್ಪೆ. 'ನಿರ್ನಾಮ' ವಾಸಿ. 'ಹುಟ್ಟಡಗಿಸು' ಇನ್ನೂ ಖಾರ.

ಆಟದ ಸುದ್ದಿಯಲ್ಲೂ ಬರುತ್ತೆ. 2014ರ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲನ್ನು 7–1ರಿಂದ ಸೋಲಿಸಿತಲ್ಲ, ಅಂಥದ್ದಕ್ಕೆ. ನಮ್ಮಲ್ಲಿ 'ಧೂಳೀಪಟ' ಇದೆ, ಸಾಕು.

ಹೆಚ್ಚು ಹೊತ್ತು ಹಿಡಿದದ್ದು ಭೌತವಿಜ್ಞಾನದ ಅರ್ಥ. ಭೌತವಿಜ್ಞಾನಿ ಡಿರಾಕ್ 1928ರಲ್ಲಿ ಬರೆದ ಸಮೀಕರಣದಲ್ಲಿ ಪಾಸಿಟ್ರಾನಿನ ಸುಳಿವಿತ್ತು. ಅದು ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ಧನ ವಿದ್ಯುದಂಶದ ಕಣ. 1932ರಲ್ಲಿ ಆಂಡರ್ಸನ್ ಅದನ್ನು ಕಂಡರು. ಎಲೆಕ್ಟ್ರಾನಿಗೆ ಅದು ಎದುರಾದರೆ ಎರಡೂ ಮಾಯ. ಆದರೆ ಶಕ್ತಿ ಎಲ್ಲಿಗೂ ಹೋಗಲ್ಲ, ಸಾಮಾನ್ಯವಾಗಿ ಎರಡು ಗಾಮಾ ಫೋಟಾನ್‌ಗಳಾಗಿ, ಅಂದರೆ ಗಾಮಾ ಕಿರಣದ ಕಣಗಳಾಗಿ, ಹೊರಡುತ್ತೆ. ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ, ಒಂದು ಈ ಕಡೆ, ಇನ್ನೊಂದು ಆ ಕಡೆ. ಆಸ್ಪತ್ರೆಯಲ್ಲಿ ಮೈಯೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ನಡೆಯೋದೇ ಇದರ ಮೇಲೆ. ಫ್ಲೋರಿನ್-18 ಅನ್ನುವ ವಿಕಿರಣಶೀಲ ಪರಮಾಣು ಸೇರಿಸಿದ, ಸಕ್ಕರೆಯಂಥ ಔಷಧ ಮೈಯೊಳಗೆ ಪಾಸಿಟ್ರಾನ್ ಬಿಡುತ್ತೆ. ಮೈ ಸುತ್ತಲಿನ ಸಂವೇದಕಗಳ ಉಂಗುರದಲ್ಲಿ ಎರಡು ಕಡೆ ಒಟ್ಟಿಗೇ ಫೋಟಾನ್ ಬಿದ್ದರೆ, ಆ ಎರಡು ಜಾಗದ ನಡುವಿನ ಗೆರೆಯಲ್ಲೇ ಎಲ್ಲೋ ಈ ಘಟನೆ ನಡೆದಿದೆ ಅಂತ ಲೆಕ್ಕ. ಇಂಥ ಸಾವಿರಾರು ಗೆರೆ ಸೇರಿ ಚಿತ್ರ ಮೂಡುತ್ತೆ. ಇಷ್ಟೆಲ್ಲ ಉಳಿಯುವಾಗ ಇದನ್ನು 'ನಿರ್ನಾಮ' ಅನ್ನೋದು ಹೇಗೆ, ಅಲ್ವಾ? ಹಾಗಾಗಿ ಈ ಅರ್ಥಕ್ಕೆ ಬೇರೆ ಕಾರ್ಡ್ ಮಾಡಿ, ಪದವನ್ನು ಹಾಗೇ ಇಟ್ಟಿದ್ದೇನೆ.

ಗಣಿತದ 'ಅನಯಲೇಟರ್' ಇನ್ನೂ ಬಾಕಿ. ಕೊಟ್ಟ ಸಂಖ್ಯೆಯನ್ನು ಗುಣಿಸಿದರೆ ಸೊನ್ನೆ ಬರಿಸುವ ಸಂಖ್ಯೆಗಳ ಗುಂಪು ಅದು. ಆರಕ್ಕೆ ಮತ್ತೆ ಸೊನ್ನೆಯಾಗುವ ಎಣಿಕೆಯಲ್ಲಿ ಎರಡರ ಅನಯಲೇಟರ್ ಅಂದರೆ ಸೊನ್ನೆ ಮತ್ತು ಮೂರು; ಎರಡು ಮೂರ್ಲಿ ಆರು, ಅಂದರೆ ಇಲ್ಲಿ ಸೊನ್ನೆ. ಉದಾಹರಣೆ ಸಿದ್ಧ, ಕಾರ್ಡಿನಲ್ಲಿ ಜಾಗ ಮಾಡಬೇಕು.